ಲಕ್ಷ್ಮಣರಾವ್ ಕಿರ್ಲೋಸ್ಕರ್: ಬೆಳಗಾವಿ ಎಬ್ಬಿಸಿ ಕಳಿಸಿದ ಕಾರ್ಖಾನೆ

ಕಿರ್ಲೋಸ್ಕರ್ ಅಂದ್ರೆ ಹೆಚ್ಚಿನವರಿಗೆ ಮೊದಲು ನೆನಪಾಗೋದು ಪಂಪು. ಖಾನಾಪುರ ಕಡೆ ಬಾವಿ ಪಕ್ಕ ಆ ಹೆಸರು ಬರೆದ ಎಂಜಿನ್ ನೋಡದವರು ಕಡಿಮೆ. ಬೆಂಗಳೂರು ಕಡೆಯ ಗೆಳೆಯರು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಹೆಸರು ಹೇಳ್ತಾರೆ. ಆದರೆ ಈ ಹೆಸರಿನ ಹಿಂದಿರುವ ಮನುಷ್ಯ ನಮ್ಮ ಜಿಲ್ಲೆಯವರು, ಅವರ ಮೊದಲ ವರ್ಕ್‌ಶಾಪ್ ಬೆಳಗಾವಿ ಊರಲ್ಲೇ ಇತ್ತು, ಊರೇ ಅದನ್ನು ಎಬ್ಬಿಸಿ ಕಳಿಸಿತು ಅನ್ನೋದು ನಮ್ಮ ಮೆಕ್ಯಾನಿಕಲ್ ಬ್ರಾಂಚಿನಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಗಳಿಗೆ ದಾರಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೂ ಇದೇ ಊರಲ್ಲಿ. ಒಂದೇ ಮನೆತನದಿಂದ ಒಬ್ಬರು ನಾಟಕಕ್ಕೆ ಹೋದರು, ಇನ್ನೊಬ್ಬರು ಕಬ್ಬಿಣಕ್ಕೆ. ತಂದೆ ವೇದಾಂತ ಓದಿಕೊಂಡವರು. ಮಗನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸೋದು ಇಷ್ಟ, ಅದರ ಜೊತೆಗೆ ಯಂತ್ರ ಬಿಚ್ಚಿ ನೋಡೋದು ಇಷ್ಟ. ಹದಿನಾರರ ಆಸುಪಾಸಿನಲ್ಲೇ ಹಟ ಮಾಡಿ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು.

ಅಲ್ಲಿ ಒಂದು ವಿಚಿತ್ರ ಆಯಿತು. ಅವರ ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯೋದಿಲ್ಲ ಅಂತ ಗೊತ್ತಾಯಿತು. ಪೇಂಟಿಂಗ್ ಕಲಿಯೋಕೆ ಬಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಏನಿರತ್ತೆ? ಆದರೆ ಮೆಕ್ಯಾನಿಕಲ್ ಡ್ರಾಯಿಂಗಿಗೆ ಬಣ್ಣ ಬೇಡ, ಗೆರೆ ಸಾಕು. ಲಕ್ಷ್ಮಣರಾವ್ ಅದಕ್ಕೆ ತಿರುಗಿಕೊಂಡರು, ಮುಂದೆ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳ ಮೇಲೆ ಕೈ ಪಳಗಿಸಿಕೊಂಡರು. ಎಂಜಿನಿಯರಿಂಗ್ ಡಿಗ್ರಿ ಅವರಿಗೆ ಇರಲಿಲ್ಲ. ಫಸ್ಟ್ ಇಯರ್ ಡ್ರಾಯಿಂಗಿನಲ್ಲಿ ಒದ್ದಾಡಿದ ನಮ್ಮಂಥವರು ಇದನ್ನು ಸ್ವಲ್ಪ ಗಮನಿಸಬೇಕು.

ಸೈಕಲ್ ವ್ಯಾಪಾರ ಶುರುವಾಗಿದ್ದು ಇದೇ ಕಾಲದಲ್ಲಿ. ಕಂಪನಿ ತನ್ನ ಹುಟ್ಟನ್ನು 1888ರಿಂದ ಲೆಕ್ಕ ಹಾಕುತ್ತದೆ. ಆಗ ಲಕ್ಷ್ಮಣರಾವ್ ವಯಸ್ಸು ಹತ್ತೊಂಬತ್ತು, ಅಂದ್ರೆ ಈಗ ನಮ್ಮ ಕ್ಲಾಸಿನವರ ವಯಸ್ಸು. ಅಣ್ಣ ರಾಮಚಂದ್ರರಾವ್, ಮನೆಯವರ ಬಾಯಲ್ಲಿ ರಾಮುಅಣ್ಣ, ಬೆಳಗಾವಿಯಲ್ಲಿದ್ದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸೋದು, ಅಣ್ಣ ಇಲ್ಲಿ ಮಾರೋದು. ಕಿರ್ಲೋಸ್ಕರ್ ಬ್ರದರ್ಸ್ ಅನ್ನೋ ಹೆಸರಿನಲ್ಲಿರುವ ಬ್ರದರ್ಸ್ ಇವರಿಬ್ಬರೇ. ಸೈಕಲ್ ಆಗ ಶ್ರೀಮಂತರ ವಸ್ತು. ಮಾರಿದರೆ ಮಾತ್ರ ಸಾಲದು, ಕೊಂಡವರಿಗೆ ಹೊಡೆಯೋದನ್ನೂ ಕಲಿಸಬೇಕಿತ್ತು.

ಮುಂಬೈಯ ನೌಕರಿ ಬಿಡೋಕೆ ಕಾರಣ ಅವಮಾನ. ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಕೂತರು. ಸೈಕಲ್ ರಿಪೇರಿ ನಡೀತಾ ಇತ್ತು, ಆದರೆ ತಲೆಯಲ್ಲಿ ಬೇರೆ ಲೆಕ್ಕ ಓಡ್ತಾ ಇತ್ತು. ಸುತ್ತಲೂ ಇರೋದು ರೈತರು, ಅವರಿಗೆ ಬೇಕಾದ್ದನ್ನು ಯಾಕೆ ಮಾಡಬಾರದು? ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ, 1903ರಲ್ಲಿ, ಕಬ್ಬಿಣದ ನೇಗಿಲು.

ಇಲ್ಲಿ ಸ್ವಲ್ಪ ಟೆಕ್ನಿಕಲ್ ಮಾತು ಬೇಕು. ಹಳೆಯ ಮರದ ನೇಗಿಲು ಭೂಮಿಯನ್ನು ಗೀರುತ್ತೆ, ಮಣ್ಣನ್ನು ಎರಡೂ ಪಕ್ಕಕ್ಕೆ ಸರಿಸುತ್ತೆ, ಅಷ್ಟೇ. ಕಬ್ಬಿಣದ ನೇಗಿಲಿಗೆ ಬಾಗಿದ ಒಂದು ರೆಕ್ಕೆ ಇರುತ್ತೆ. ಕುಳ ಮಣ್ಣಿನ ಪಟ್ಟಿಯನ್ನು ಆಳದಲ್ಲಿ ಕತ್ತರಿಸಿದರೆ, ರೆಕ್ಕೆ ಆ ಪಟ್ಟಿಯನ್ನು ಎತ್ತಿ ತಿರುಚಿ ತಲೆಕೆಳಗಾಗಿ ಮಗುಚಿ ಹಾಕುತ್ತೆ. ನಮ್ಮ ಎರಿ ಹೊಲದಲ್ಲಿ ಕರಕಿ ಬೇರು ಎಷ್ಟು ಆಳಕ್ಕೆ ಹೋಗತ್ತೆ ಅಂತ ಹೊಲದ ಮನೆಯವರಿಗೆ ಹೇಳಬೇಕಿಲ್ಲ. ಆ ಬೇರು ಮೇಲೆ ಬಂದು ಬಿಸಿಲಿಗೆ ಒಣಗಬೇಕಾದರೆ ಮಣ್ಣು ಮಗುಚಲೇಬೇಕು. ಮಾಡೋದು ಮಾತ್ರ ಸುಲಭ ಅಲ್ಲ. ಮರದ ಪ್ಯಾಟರ್ನ್ ಕೆತ್ತಬೇಕು, ಮರಳಿನಲ್ಲಿ ಅಚ್ಚು ಮಾಡಬೇಕು, ಕಬ್ಬಿಣ ಕರಗಿಸಿ ಸುರಿಯಬೇಕು. ಎರಕದ ಕಬ್ಬಿಣ ಗಟ್ಟಿ, ಆದರೆ ಬಾಗೋದಿಲ್ಲ. ತುದಿ ಕಲ್ಲಿಗೆ ಬಡಿದರೆ ಪಟ್ ಅಂತ ಮುರಿಯುತ್ತೆ. ವಿಲಾಯತಿ ನೇಗಿಲಿನ ಜೊತೆ ಸ್ಪರ್ಧೆ ಬೇರೆ.

ನೇಗಿಲು ತಯಾರಾಯಿತು, ಕೊಳ್ಳೋರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರ ನಂಬಿಕೆ. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಹಿಡಿಯಿತು. ಎರಡು ವರ್ಷ ಅಂದ್ರೆ ನಮ್ಮ ನಾಲ್ಕು ಸೆಮಿಸ್ಟರ್! ಇವತ್ತಿನ ಸ್ಟಾರ್ಟಪ್ ಆಗಿದ್ದರೆ ಆರು ತಿಂಗಳಲ್ಲಿ ಬೋರ್ಡ್ ಇಳಿಸ್ತಿತ್ತು. ಒಬ್ಬ ರೈತ ಒಯ್ದು ಬೆಳೆ ತೆಗೆದು ತೋರಿಸಿದ ಮೇಲೆ ಪಕ್ಕದ ಹೊಲದವನು ಕೇಳ್ತಾನೆ. ಅಂಥ ಮಾರಾಟಕ್ಕೆ ಅವಸರ ನಡೆಯೋದಿಲ್ಲ. ಅಣ್ಣ ತಮ್ಮ ಕಾದರು.

ವ್ಯಾಪಾರ ಹಳಿಗೆ ಬರುವ ಹೊತ್ತಿಗೆ ಪುರಸಭೆಯ ನೋಟಿಸ್ ಬಂತು. ವರ್ಕ್‌ಶಾಪ್ ಇದ್ದ ಜಾಗ ಹೊಸ ಬಡಾವಣೆಗೆ, ಈಗಿನ ಟಿಳಕವಾಡಿಗೆ ಬೇಕು, ಜಾಗ ಖಾಲಿ ಮಾಡಿ ಅಂತ. ಪುರಸಭೆಯನ್ನು ಪೂರ್ತಿ ಖಳನಾಯಕ ಮಾಡೋದು ನನಗೆ ಸರಿ ಕಾಣೋದಿಲ್ಲ, ಬೆಳೆಯುವ ಊರಿಗೆ ಮನೆ ಬೇಕೇ ಬೇಕು. ಆದರೆ ಎಬ್ಬಿಸಿದವರಿಗೆ ಎಲ್ಲಿ ಕೂರಿಸಬೇಕು ಅನ್ನೋ ಯೋಚನೆ ಇರಲಿಲ್ಲ. ಅದೇ ಕಾಲದ ಜಪಾನ್ ನೋಡಿ. ನಾಗಾಸಾಕಿಯಲ್ಲಿ ಸರ್ಕಾರ ತಾನೇ ಕಟ್ಟಿ ನಡೆಸುತ್ತಿದ್ದ ಹಡಗು ಕಟ್ಟೆಯನ್ನು 1884ರಲ್ಲಿ ಮಿತ್ಸುಬಿಷಿಗೆ ಗುತ್ತಿಗೆ ಕೊಟ್ಟಿತು, 1887ರಲ್ಲಿ ಮಾರಿಯೇ ಬಿಟ್ಟಿತು. ಇವತ್ತಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್‌ನ ಬೇರು ಆ ಯಾರ್ಡಿನಲ್ಲಿದೆ. ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ಅದರ ಮರುವರ್ಷದ್ದು. ಅಲ್ಲಿ ಸರ್ಕಾರ ತಯಾರಾದ ಯಾರ್ಡ್ ಕೈಗಿಟ್ಟಿತು, ಇಲ್ಲಿ ಬ್ರಿಟಿಷ್ ಆಡಳಿತದ ಊರು ಇದ್ದ ಶೆಡ್ಡನ್ನೂ ಕಿತ್ತುಕೊಂಡಿತು. ನಮ್ಮವರಿಗೆ ತಲೆ ಇರಲಿಲ್ಲ, ಜಪಾನಿನವರಿಗೆ ಇತ್ತು ಅಂತ ಸುಲಭಕ್ಕೆ ಹೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೈ ಹಿಡಿದದ್ದು ಔಂಧ ಸಂಸ್ಥಾನ. ಅಲ್ಲಿನ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರರು. ಅವರು ಸಾಲ ಕೊಟ್ಟರು, ಕುಂಡಲ ರೋಡ್ ಸ್ಟೇಷನ್ ಹತ್ತಿರ ಜಾಗ ಕೊಟ್ಟರು. 1910ರಲ್ಲಿ ಯಂತ್ರ, ಕೆಲಸಗಾರರು, ಅವರ ಹೆಂಡತಿ ಮಕ್ಕಳು, ಎಲ್ಲರೂ ಅಲ್ಲಿಗೆ ಹೋದರು. ಜಾಗ ಅಂದ್ರೆ ಪಾಪಾಸುಕಳ್ಳಿ ಬೆಳೆದ ಬರಡು ಬಯಲು, ಹಾವುಗಳ ಕಾಟ. ಅದನ್ನೇ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಖಾನಾಪುರದಿಂದ ಪುಣೆ ಕಡೆ ಹೋಗುವ ರೈಲಿನಲ್ಲಿ ಮಿರಜ, ಸಾಂಗ್ಲಿ ದಾಟಿದ ಮೇಲೆ ಆ ಸ್ಟೇಷನ್ ಬರುತ್ತೆ. ಕಾರ್ಖಾನೆ ನಮ್ಮ ಜಿಲ್ಲೆ ಬಿಟ್ಟರೂ ನಮ್ಮ ರೈಲು ಲೈನು ಬಿಡಲಿಲ್ಲ.

ನನಗೆ ಈ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಆ ಊರು. ಲಕ್ಷ್ಮಣರಾವ್ ಅಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ಜೈಲು ನೋಡಿ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ಕಳ್ಳತನದ ಹಣೆಪಟ್ಟಿ ಇದ್ದವರ ಕೈಗೇ ಬೀಗದ ಕೈ! ಅಣ್ಣನ ಮಗ ಶಂಕರರಾವ್ ಅಲ್ಲಿಂದಲೇ ಒಂದು ಮರಾಠಿ ಪತ್ರಿಕೆ ಹೊರಡಿಸಿದರು, ಮುಂದೆ ಸ್ತ್ರೀ ಅನ್ನೋ ಹೆಂಗಸರ ಪತ್ರಿಕೆ ಕೂಡ. ನೇಗಿಲು ಮಾಡುವ ಊರಿನಿಂದ ಸಾಹಿತ್ಯ ಪತ್ರಿಕೆ ಹೊರಟಿದ್ದು ಕನ್ನಡ ಸಂಘ ನಡೆಸುವ ನಮಗೆ ಸ್ವಲ್ಪ ಧೈರ್ಯ ಕೊಡುವ ಸಂಗತಿ.

ಮೊದಲ ಮಹಾಯುದ್ಧ ಬಂದು ವಿಲಾಯತಿ ಮಾಲು ನಿಂತಿತು, ದೇಶಿ ನೇಗಿಲಿಗೆ ಬೇಡಿಕೆ ಏರಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪು, ಎಂಜಿನ್, ಒಂದಾದ ಮೇಲೊಂದು ಬಂದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ ಬಂದು ಅಪ್ಪನ ಜೊತೆ ನಿಂತರು.

ಆಮೇಲೆ ಕಿರ್ಲೋಸ್ಕರ್ ಹೆಸರು ಕನ್ನಡ ನಾಡಿಗೆ ಮರಳಿ ಬಂತು, ಆದರೆ ಬೆಳಗಾವಿಗೆ ಅಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅಲ್ಲಿ ಲೇತ್ ಮಾಡುತ್ತಿದ್ದರು. ಯಂತ್ರ ಮಾಡುವ ಯಂತ್ರ ಅದು, ಅದಿಲ್ಲದೆ ಯಾವ ಕಾರ್ಖಾನೆಯೂ ಇಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯಲ್ಲಿ ಆಯಿಲ್ ಎಂಜಿನ್ಸ್. ಹರಿಹರದ ಕಾರ್ಖಾನೆ ಈಗ ಇಲ್ಲ, ಈ ಶತಮಾನದ ಶುರುವಿನಲ್ಲೇ ಮುಚ್ಚಿತು. ಹರಿಹರದವರ ಹತ್ತಿರ ಅದರ ಮಾತು ತೆಗೆದರೆ ದೊಡ್ಡ ಕಥೆಯೇ ಆಗುತ್ತೆ.

ಇವರು ಮರಾಠಿಯವರಾ, ಕನ್ನಡದವರಾ ಅನ್ನೋ ಜಗಳ ನಮ್ಮ ಕಡೆ ಬೇಗ ಶುರುವಾಗುತ್ತೆ. ಮನೆಮಾತು ಮರಾಠಿ, ಹುಟ್ಟಿದ ನೆಲ ಗುರ್ಲಹೊಸೂರು. ಎರಡೂ ನಿಜ. ಖಾನಾಪುರದಲ್ಲಿ ಒಂದೇ ಓಣಿಯಲ್ಲಿ ಎರಡೂ ಭಾಷೆ ಕೇಳಿ ಬೆಳೆದವರಿಗೆ ಇದರಲ್ಲಿ ತೊಡಕು ಕಾಣಬಾರದು.

ಕೊನೆಯ ದೊಡ್ಡ ಪೆಟ್ಟು ಬಿದ್ದದ್ದು 1948ರಲ್ಲಿ. ಗಾಂಧೀಜಿ ಹತ್ಯೆ ಆದ ಮೇಲೆ ಆ ಭಾಗದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿ ನಡೆಯಿತು. ಗುಂಪು ಕಿರ್ಲೋಸ್ಕರವಾಡಿಗೂ ನುಗ್ಗಿ ಕಾರ್ಖಾನೆಗೆ ಬೆಂಕಿ ಹಚ್ಚಿತು. ಜಾತಿ ಭೇದ ಬೇಡ ಅಂತ ಕಟ್ಟಿದ ಊರು ಜಾತಿಯ ಸಿಟ್ಟಿಗೆ ಸುಟ್ಟಿತು. ಲಕ್ಷ್ಮಣರಾವ್ ಆಗ ಎಪ್ಪತ್ತೆಂಟರ ಮುದುಕರು. ಕಾರ್ಖಾನೆಯನ್ನು ಅಲ್ಲೇ, ಅದೇ ಜಾಗದಲ್ಲಿ ಮತ್ತೆ ಎಬ್ಬಿಸಿದರು, ಇವತ್ತೂ ಅಲ್ಲಿ ಪಂಪ್ ತಯಾರಾಗುತ್ತವೆ.

ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು, ಪುಣೆಯಲ್ಲಿ. ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಸರ್ಕಾರ ಅವರ ಹೆಸರಿನಲ್ಲಿ ಅಂಚೆ ಚೀಟಿ ತಂದಿತು. ಬೆಳಗಾವಿ ಪೇಟೆಯಲ್ಲಿ ಒಂದು ಕಿರ್ಲೋಸ್ಕರ್ ರೋಡ್ ಇದೆ. ಎರಕ ಹೊಯ್ಯುವ ಶೆಡ್ಡುಗಳನ್ನು ನೋಡಬೇಕಾದರೆ ಈಗ ಉದ್ಯಮಬಾಗ ಕಡೆ ಹೋಗಬೇಕು.