ದೊಡ್ಡ ಆಟಗಾರ ಯಾರು? – ಪಾಲ್ವಂಕರ್ ಬಾಲೂ ಅವರ ಜೀವನ



ಆಟದ ಮಾತು ಬಂತೆಂದರೆ ನಮ್ಮಲ್ಲಿ ಚರ್ಚೆ ತಪ್ಪಿದ್ದಲ್ಲ. ಒಬ್ಬನಿಗೆ ಧ್ಯಾನ್ ಚಂದ್ ದೊಡ್ಡವರು, ಇನ್ನೊಬ್ಬನಿಗೆ ಬ್ರಾಡ್‌ಮನ್, ಮತ್ತೊಬ್ಬನಿಗೆ ತೆಂಡೂಲ್ಕರ್. ಕೊನೆಗೆ ಚರ್ಚೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಒಬ್ಬ ಆಟಗಾರ ದೊಡ್ಡವನೋ ಅಲ್ಲವೋ ಎಂದು ಹೇಳುವಾಗ ಅವನ ಆಟ ಮಾತ್ರ ನೋಡಬೇಕಾ, ಗುಣ ನಡತೆಯನ್ನೂ ನೋಡಬೇಕಾ?

ಈ ಪ್ರಶ್ನೆ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟ ಉಂಟು. ಅಲ್ಲಿ ಶ್ರೇಷ್ಠ ಆಟಗಾರರ ಗೌರವ ಮಂದಿರಕ್ಕೆ ಹೆಸರು ಆರಿಸುವಾಗ ಆಟದ ಜೊತೆಗೆ ನಡತೆಯನ್ನೂ ಪ್ರಾಮಾಣಿಕತೆಯನ್ನೂ ನೋಡಬೇಕೆಂದು ನಿಯಮವೇ ಇದೆ. ಆದರೆ ತಮಾಷೆ ನೋಡಿ. ಅದೇ ಬೇಸ್‌ಬಾಲಿನ ದೊಡ್ಡ ಲೀಗುಗಳಲ್ಲಿ 1947ರಲ್ಲಿ ಜಾಕಿ ರಾಬಿನ್ಸನ್ ಬರುವ ತನಕ ಹಲವು ದಶಕಗಳ ಕಾಲ ಕಪ್ಪು ಜನರನ್ನು ಆಡಲಿಕ್ಕೇ ಬಿಟ್ಟಿರಲಿಲ್ಲ. ನಡತೆ ನೋಡುವವರು ಮೊದಲು ಮೈಬಣ್ಣ ನೋಡಿದ್ದರು! ನಮ್ಮ ದೇಶದಲ್ಲಿಯೂ ಇಂಥದೇ ಒಂದು ಕಥೆ ಉಂಟು. ಅದು ನಮ್ಮ ಕರ್ನಾಟಕದ ನೆಲದಲ್ಲಿ ಹುಟ್ಟಿದ ಒಬ್ಬ ಆಟಗಾರನ ಕಥೆ. ಅದಕ್ಕಾಗಿಯೇ ನಾನು ಈ ಸಲ ಪಾಲ್ವಂಕರ್ ಬಾಲೂ ಅವರ ಬಗ್ಗೆ ಬರೆಯುತ್ತಿದ್ದೇನೆ.

ಬಾಲೂ ಅವರು ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ. ಚರ್ಮದ ಕೆಲಸ ಮಾಡುವ ಸಮುದಾಯ ಅವರದು. ಆ ಕಾಲದಲ್ಲಿ ಈ ಸಮುದಾಯದವರನ್ನು ಅಸ್ಪೃಶ್ಯರೆಂದು ದೂರ ಇಡುತ್ತಿದ್ದರು. ಅವರ ತಂದೆಗೆ ಸೈನ್ಯದಲ್ಲಿ ಕೆಲಸ. ಹಾಗಾಗಿ ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಸೋಲ್ಜರುಗಳು ಆಡಿ ಬಿಟ್ಟ ಬ್ಯಾಟು ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮಂದಿರು ಕ್ರಿಕೆಟ್ ಕಲಿತರು. ಮುಂದೆ ಶಿವರಾಮ, ಗಣಪತ, ವಿಠ್ಠಲ ಎಂಬ ಮೂವರು ತಮ್ಮಂದಿರೂ ಹೆಸರಾಂತ ಆಟಗಾರರಾದರು. ಒಂದೇ ಮನೆಯಿಂದ ನಾಲ್ವರು!

ಬಾಲೂ ಅವರ ಮೊದಲ ಕೆಲಸ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ 4 ರೂಪಾಯಿ. ನೆಟ್ ಕಟ್ಟುವುದು, ಗೆರೆ ಎಳೆಯುವುದು, ಸಾಹೇಬರು ಅಭ್ಯಾಸ ಮಾಡುವಾಗ ಚೆಂಡು ಹಾಕುವುದು. ಎಡಗೈಯಲ್ಲಿ ನಿಧಾನಕ್ಕೆ ತಿರುಗುವ ಚೆಂಡು. ಗ್ರೇಗ್ ಎಂಬ ದೊಡ್ಡ ಬ್ಯಾಟ್ಸ್‌ಮನ್ ದಿನಾ ಬೇಗ ಬಂದು ಇವರ ಬೌಲಿಂಗಿಗೆ ಆಡಿ ಅಭ್ಯಾಸ ಮಾಡುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂದು ಒಂದು ಕಥೆ ಹೇಳುತ್ತಾರೆ. ಆದರೆ ಬಾಲೂ ಕೈಗೆ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ. ಬೆವರು ಸುರಿಸಿ ಚೆಂಡು ಹಾಕುವುದು ಆಳಿನ ಕೆಲಸ, ಬ್ಯಾಟು ಹಿಡಿಯುವುದು ಯಜಮಾನರ ಕೆಲಸ. ಆಗಿನ ಲೆಕ್ಕ ಹಾಗೆ.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸಬೇಕಾದರೆ ಬಾಲೂ ಬೇಕು. ಬಾಲೂ ಬೇಕಾದರೆ ಜಾತಿ ಅಡ್ಡ. ತಂಡದೊಳಗೆ ಎರಡು ಪಕ್ಷ ಆಯಿತು. ಕೊನೆಗೆ ಆಟದ ಆಸೆಯೇ ಗೆದ್ದಿತು, ಅವರನ್ನು ಸೇರಿಸಿಕೊಂಡರು. ಆದರೆ ಹೇಗೆ ಗೊತ್ತುಂಟಾ? ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಎಲ್ಲರೂ ಒಳಗೆ, ಬಾಲೂ ಹೊರಗೆ. ಎಲ್ಲರಿಗೆ ಪಿಂಗಾಣಿ ಕಪ್ಪು, ಅವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಎಂತದೋ ಆಯಿತು. ಚೆಂಡಿಗೆ ಇಲ್ಲದ ಮೈಲಿಗೆ ಕಪ್ಪಿಗೆ ಎಲ್ಲಿಂದ ಬಂತು?

1896ರ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್ ಬಂತು. ಬಾಲೂ ಬೊಂಬಾಯಿಗೆ ಹೋದರು. ಅಲ್ಲಿ ಹಿಂದೂ ಜಿಮ್‌ಖಾನಾ ತಂಡಕ್ಕೆ ಆಡಿದರು, ರೈಲ್ವೆಯಲ್ಲಿ ಕೆಲಸವೂ ಸಿಕ್ಕಿತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡಕ್ಕೂ ಯುರೋಪಿಯನ್ನರ ತಂಡಕ್ಕೂ ದೊಡ್ಡ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಲೆಕ್ಕ ಮಾಡಿ ನೋಡಿ, 109 ರನ್ನಿನ ಗೆಲುವು! ಬಾಲೂ ಎರಡೂ ಇನ್ನಿಂಗ್ಸ್ ಸೇರಿ 8 ವಿಕೆಟ್ ತೆಗೆದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ಗೆಲುವಿಗೆ ದೇಶವೇ ಸಂತೋಷಪಟ್ಟಿತು ಎಂದರೆ ಅತಿಶಯೋಕ್ತಿಯಲ್ಲ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯಗಳಲ್ಲಿ 15 ಸೋತಿತು. ಅಂಥ ಸೋತ ತಂಡದಲ್ಲಿಯೂ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಆಗ ಅವರಿಗೆ 35 ವರ್ಷ. ಇಡೀ ಜೀವನದಲ್ಲಿ ಅವರು ಆಡಿದ್ದು 33 ಪ್ರಥಮ ದರ್ಜೆ ಪಂದ್ಯ, ತೆಗೆದದ್ದು 179 ವಿಕೆಟ್. ಒಂದೊಂದು ವಿಕೆಟಿಗೆ ಸರಾಸರಿ ಕೊಟ್ಟದ್ದು 15 ರನ್ನು ಚಿಲ್ಲರೆ. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂ ಅವರಿಗೆ 56 ವರ್ಷ ಆಗಿತ್ತು. ಆದ್ದರಿಂದ ಟೆಸ್ಟ್ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗಲಿಕ್ಕಿಲ್ಲ.

ಇಷ್ಟೆಲ್ಲ ಆದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಸಿಗಲಿಲ್ಲ. ನಾಯಕರಾಗಿದ್ದ ಎಂ. ಡಿ. ಪೈಯವರೇ ಒಮ್ಮೆ ಆ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಸಭೆಯಲ್ಲಿ ಹೇಳಿದರು. ಆದರೂ ಕೊಡಲಿಲ್ಲ. 1920ರಲ್ಲಿ ಒಂದು ಪಂದ್ಯಕ್ಕೆ ಬಾಲೂ ಅವರನ್ನು ಕೈಬಿಟ್ಟರು, ವಿಠ್ಠಲ ಅವರನ್ನು ಬಿಟ್ಟು ಬೇರೆಯವರನ್ನು ನಾಯಕ ಮಾಡಿದರು. ಆಗ ವಿಠ್ಠಲ, ಶಿವರಾಮ ಇಬ್ಬರೂ ಜಾತಿಯ ಕಾರಣಕ್ಕೆ ಹೀಗಾಗಿದೆ ಎಂದು ಬಹಿರಂಗವಾಗಿ ಹೇಳಿ ಆಟದಿಂದ ಹಿಂದೆ ಸರಿದರು. ಇದರಿಂದ ಗಲಾಟೆ ಆಯಿತು. ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರನ್ನು ವಾಪಸು ಕರೆದರು, ಬಾಲೂ ಅವರನ್ನು ಉಪನಾಯಕ ಮಾಡಿದರು. ಆ ಪಂದ್ಯದಲ್ಲಿ ಪೈಯವರು ಸ್ವಲ್ಪ ಹೊತ್ತು ಮೈದಾನ ಬಿಟ್ಟಾಗ ಬಾಲೂ ತಂಡ ನಡೆಸಿದರು. ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ. 1923ರಲ್ಲಿ ತಮ್ಮ ವಿಠ್ಠಲ ನಾಯಕರಾದರು. ಆ ವರ್ಷ ಹಿಂದೂ ತಂಡವೇ ಗೆದ್ದಿತು. ಅಣ್ಣ ಬಿತ್ತಿದ್ದು, ತಮ್ಮ ಕೊಯ್ದದ್ದು.

ಈಗ ನಮ್ಮ ಪ್ರಶ್ನೆಗೆ ಬರುವ. ಬಾಲೂ ಅವರ ಗುಣ ಹೇಗಿತ್ತು? ಬರೆದವರೆಲ್ಲ ಹೇಳುವುದು ಶಾಂತ ಸ್ವಭಾವ, ವಿನಯ, ಮಾತು ಕಡಿಮೆ ಎಂದು. ಎಲ್ಲರೂ ಅದನ್ನು ಹೊಗಳುತ್ತಾರೆ. ನಾನೂ ಮೊದಲು ಹೊಗಳಬೇಕೆಂದೇ ಇದ್ದೆ. ಆದರೆ ಯೋಚಿಸಿ. ಹೊರಗೆ ಕೂತು ಕುಡಿಕೆಯಲ್ಲಿ ಚಹಾ ಕುಡಿದವರು ಸಿಟ್ಟು ಮಾಡಿದ್ದರೆ ಎಂತ ಆಗುತ್ತಿತ್ತು? ತಂಡದಲ್ಲಿ ಇಡುತ್ತಿರಲಿಲ್ಲ. ಮಹಾರಾಜರು ಸಿಟ್ಟು ಮಾಡಿದರೆ ಅದು ಗತ್ತು, ಬಾಲೂ ಮಾಡಿದ್ದರೆ ಅದು ಸೊಕ್ಕು. ಹಾಗಾದರೆ ಗುಣ ನೋಡುವುದೆಂದರೆ ಎಲ್ಲರಿಗೂ ಒಂದೇ ತಕ್ಕಡಿಯಾ? ಅಲ್ಲ ಎಂದೇ ನನಗೆ ಕಾಣುತ್ತದೆ.

ಇನ್ನೊಂದು ವಾದವೂ ಉಂಟು. ಬಾಲೂ ಅವರು ಮುಂದೆ ರಾಜಕೀಯಕ್ಕೆ ಬಂದರು. ಡಾ. ಅಂಬೇಡ್ಕರ್ ಅವರು ಎಳೆಯ ವಯಸ್ಸಿನಲ್ಲಿ ಬಾಲೂ ಅವರನ್ನು ಬಹಳ ಮೆಚ್ಚಿದ್ದರು. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಗಾಂಧೀಜಿಯವರ ಕಡೆ ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ಅವರ ಎದುರೇ ಸ್ಪರ್ಧಿಸಿ ಸುಮಾರು 2,000 ಮತಗಳಿಂದ ಸೋತರು. ಇದಕ್ಕಾಗಿ ಅವರನ್ನು ದೊಡ್ಡವರೆನ್ನಬಾರದು ಎಂದು ಯಾರಾದರೂ ಹೇಳಬಹುದು. ಚುನಾವಣೆಯಲ್ಲಿ ನಾನಾಗಿದ್ದರೆ ಅಂಬೇಡ್ಕರ್ ಅವರಿಗೇ ಮತ ಹಾಕುತ್ತಿದ್ದೆ. ಆದರೆ 1937ರ ಮತಪೆಟ್ಟಿಯಿಂದ 1906ರ ವಿಕೆಟ್ ಒಂದೂ ಕಡಿಮೆ ಆಗುವುದಿಲ್ಲ ಅಲ್ವಾ?

ನನ್ನ ಅಭಿಪ್ರಾಯ ಇಷ್ಟು. ಯಾರು ದೊಡ್ಡ ಆಟಗಾರ ಎಂದು ಹೇಳುವಾಗ ಆಟವನ್ನೇ ನೋಡಬೇಕು. ಯಾರು ದೊಡ್ಡ ಮನುಷ್ಯ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಉತ್ತರ ಇರಲಿ. ನಾಯಕನನ್ನು ಆರಿಸುವಾಗ ಮಾತ್ರ ಗುಣ ನೋಡಲೇಬೇಕು, ಯಾಕೆಂದರೆ ಅವನ ಕೈಯಲ್ಲಿ ಉಳಿದ ಹತ್ತು ಜನ ಇರುತ್ತಾರೆ. ಆದರೆ ಗುಣ ಎಂಬ ಹೆಸರಿಟ್ಟು ಹುಟ್ಟನ್ನು ನೋಡಬಾರದು. ಬಾಲೂ ಅವರ ವಿಷಯದಲ್ಲಿ ಹಾಗೇ ಆಯಿತು. ಆಟವೂ ಇತ್ತು, ಗುಣವೂ ಇತ್ತು, ಪಟ್ಟ ಮಾತ್ರ ಸಿಗಲಿಲ್ಲ.

ಬಾಲೂ ಅವರು 1955ರ ಜುಲೈ 4ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ನಮ್ಮ ಅಳದಂಗಡಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತುಂಟು? ಇನ್ನು ಮೇಲೆ ತಂಡ ಕಟ್ಟುವಾಗ ಒಬ್ಬನನ್ನು ಬರೀ ಚೆಂಡು ಹೆಕ್ಕಲಿಕ್ಕೆ ನಿಲ್ಲಿಸುವ ಮೊದಲು ಅವನ ಕೈಗೂ ಒಮ್ಮೆ ಬ್ಯಾಟು ಕೊಟ್ಟು ನೋಡುವ. ನನ್ನ ಅಭಿಪ್ರಾಯವನ್ನು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ.