ಬಯಲಿನ ಗ್ರಂಥಗಳನ್ನೋದಿದ ರೈಸ್ ಮಹನೀಯರು

ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ಮನೆಯಿಂದ ಹೊರಟು, ಮರದ ನೆರಳಿನಲ್ಲಾಗಲಿ ಹೊಳೆಯ ಸೋಪಾನದ ಮೇಲಾಗಲಿ ಕುಳಿತು ಓದುವುದರಲ್ಲಿ ವಿಶೇಷವಾದ ಸುಖವುಂಟು. ಕಪಿಲೆಯ ದಡದ ನಂಜನಗೂಡಿನಲ್ಲಿಯೂ, ಕಾವೇರಿ ಕಪಿಲೆಗಳು ಸಂಗಮಿಸುವ ತಿರುಮಕೂಡಲು ನರಸೀಪುರದಲ್ಲಿಯೂ ಬೆಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಈ ಸುಖವು ಸುಲಭಸಾಧ್ಯವಾದುದು. ಆದರೂ ಅದನ್ನು ಬಯಸುವವರು ವರ್ಷೇ ವರ್ಷೇ ಕಡಿಮೆಯಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಆದುದರಿಂದ ಬಯಲಿನ ಓದನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ಮಳೆಬಿಸಿಲುಗಳನ್ನು ಸಹಿಸಿ ನಿಂತ ಶಿಲಾಶಾಸನಗಳೇ ಅವರು ಓದಿದ ಗ್ರಂಥಗಳು.

ಬೆಂಜಮಿನ್ ಲೂಯಿಸ್ ರೈಸ್ ಅವರು 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆಯವರು ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡವನ್ನು ಚೆನ್ನಾಗಿ ಬಲ್ಲವರು. ಸುಮಾರು 1840ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಮಿಷನ್ ಶಾಲೆಯನ್ನು ಆರಂಭಿಸಿದವರಲ್ಲಿ ತಾಯಿಯವರೂ ಒಬ್ಬರು. ಹೆಣ್ಣಿಗೆ ಅಕ್ಷರವೇಕೆಂದು ಜನರು ಕೇಳುತ್ತಿದ್ದ ಕಾಲವದು. ನಮ್ಮಂಥ ಶಾಲೆಗಳು ಆ ತಾಯಂದಿರಿಗೆ ಎಂದೆಂದಿಗೂ ಋಣಿಗಳು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ರೈಸ್ ಅವರು 1860ರಲ್ಲಿ ಹಿಂದಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳಿಗೆ ಇನ್‌ಸ್ಪೆಕ್ಟರಾಗಿ ನೇಮಕಗೊಂಡರು. ಹೋಬಳಿಗೊಂದು ಶಾಲೆ ಬೇಕೆಂಬ 1868ರ ಯೋಜನೆಯೂ ಅವರದೇ. ಆ ದಿನಗಳಲ್ಲಿ ಇನ್‌ಸ್ಪೆಕ್ಟರ ಸಂಚಾರವೆಂದರೆ ಕುದುರೆಯ ಮೇಲೆ ಊರಿಂದೂರಿಗೆ ಪ್ರಯಾಣ. ಪಾಠಶಾಲೆಯನ್ನು ನೋಡಹೋದ ಊರುಗಳಲ್ಲಿ ಅಕ್ಷರ ಕೊರೆದ ಕಲ್ಲುಗಳು ಅವರ ಮನಸ್ಸನ್ನು ಸೆಳೆದುವು. ಊರವರು ದಿನವೂ ನೋಡುವ ಕಲ್ಲು; ಅದನ್ನು ಓದಬಲ್ಲವರು ಮಾತ್ರ ವಿರಳ.

ಮೇಜರ್ ಡಿಕ್ಸನ್ ಅವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಭಾಷಾಂತರಿಸುವ ಕಾರ್ಯವು ರೈಸ್ ಅವರ ಪಾಲಿಗೆ ಬಂದಿತು. ಅದರ ಫಲವು 1879ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ಮುಂದೆ ಮೈಸೂರಿನ ಪುರಾತತ್ತ್ವ ಇಲಾಖೆಗೆ ಅವರೇ ಮೊದಲ ಮುಖ್ಯಾಧಿಕಾರಿಗಳಾದರು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹನ್ನೆರಡು ಸಂಪುಟಗಳಾಗಿ ಬೆಳೆದು, ಸುಮಾರು 9,000 ಶಾಸನಗಳನ್ನು ಲೋಕದ ಮುಂದಿರಿಸಿತು. 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದವರೂ ಅವರೇ.

ನಮ್ಮ ಎರಡು ತಾಲ್ಲೂಕುಗಳ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿವೆ. ಅವುಗಳಲ್ಲಿ ನರಸೀಪುರ ತಾಲ್ಲೂಕು ದೊಡ್ಡಹುಂಡಿಯ ಕಲ್ಲೊಂದನ್ನು ಹೇಳದೆ ಬಿಡಲಾರೆವು. ಅದು 9ನೆಯ ಶತಮಾನದ ಸ್ಮಾರಕಶಿಲೆ. ಗಂಗರ ದೊರೆ ನೀತಿಮಾರ್ಗನು ಮರಣಶಯ್ಯೆಯಲ್ಲಿದ್ದಾನೆ. ನಂಬಿಕೆಯ ಸೇವಕನು ಬಳಿಯಲ್ಲಿದ್ದಾನೆ. ಮಗನು ನಿಂತು ನೋಡುತ್ತಿದ್ದಾನೆ. ಚಿತ್ರದೊಡನೆ ಹಳಗನ್ನಡದ ಬರಹವೂ ಇದೆ. ಸಾವಿರ ವರ್ಷಕ್ಕೂ ಹಿಂದಿನ ಒಂದು ಮನೆಯ ದುಃಖವು ಅಲ್ಲಿ ಇಂದಿಗೂ ಅಳಿದಿಲ್ಲ.

ಶಾಸನವನ್ನು ಓದುವ ಕ್ರಮವೂ ತಿಳಿಯತಕ್ಕದ್ದಾಗಿದೆ. ಮೊದಲು ಪಾಚಿ ಮಣ್ಣುಗಳನ್ನು ತೊಳೆಯುತ್ತಾರೆ. ನೆನೆಸಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಮೆಲ್ಲನೆ ತಟ್ಟಿ, ಮಸಿ ಸವರಿ ಪಡಿಯಚ್ಚನ್ನು ತೆಗೆಯುತ್ತಾರೆ. ಕಣ್ಣಿನಿಂದಲೇ ಓದುವುದಾದರೆ ಮುಂಜಾನೆ ಅಥವಾ ಸಂಜೆ ಬರಬೇಕು. ನಡುಹಗಲಿನಲ್ಲಿ ಕಾಣದ ಸವೆದ ಅಕ್ಷರಗಳು ಓರೆಬಿಸಿಲಿನಲ್ಲಿ ನೆರಳುಗಟ್ಟಿ ಎದ್ದು ತೋರುತ್ತವೆ. ಸೂರ್ಯನ ಸಹಾಯಕ್ಕಾಗಿ ಕಾಯುವ ತಾಳ್ಮೆಯನ್ನು ಬಯಲಿನ ಓದು ಕಲಿಸುತ್ತದೆ. ಶಾಸನದೊಳಗಿನ ಕೆರೆ, ಹಳ್ಳ, ಊರುಗಳ ಹೆಸರುಗಳನ್ನು ಗುರುತಿಸಲು ಹೊಲದ ಒಕ್ಕಲಿಗನೇ ಗುರುವಾಗಬೇಕಾಗುತ್ತದೆ. ಹೀಗೆ ಈ ಓದಿನಲ್ಲಿ ವಿನಯವೂ ಲಭಿಸುತ್ತದೆ.

ರೈಸ್ ಅವರು ಎಲ್ಲಿಯೂ ತಪ್ಪಲಿಲ್ಲವೆಂದು ನಾವು ಹೇಳುವುದಿಲ್ಲ. ಕೆಲವು ತಾಮ್ರಶಾಸನಗಳ ಪ್ರಾಮಾಣ್ಯವನ್ನು ಕುರಿತು ಫ್ಲೀಟ್ ಎಂಬ ವಿದ್ವಾಂಸರು ಅವರೊಡನೆ ವಾದಿಸಿದರು. ಮುಂದಿನವರು ಹಲವೆಡೆ ಅವರ ಓದನ್ನು ತಿದ್ದಿದರು. ಮೈಸೂರು ವಿಶ್ವವಿದ್ಯಾನಿಲಯವು 1970ರ ದಶಕದಿಂದ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತಂದಿತು. ಮೂಲವು ಬಯಲಿನಲ್ಲಿ ಉಳಿದಿದ್ದುದರಿಂದಲೇ ಅನೇಕ ಕಡೆ ತಿದ್ದುವುದು ಸಾಧ್ಯವಾಯಿತು.

1906ರಲ್ಲಿ ರೈಸ್ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಶಾಸನಗಳನ್ನು ಮರೆಯದೆ, ಅವುಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಇತಿಹಾಸವನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋ ಎಂಬಲ್ಲಿ ದೈವಾಧೀನರಾದರು.

ಇನ್ನು ನಮ್ಮ ಮಾತು. ಹುಡುಗಿಯರನ್ನು ಹೊಂಗೆಯ ನೆರಳಿಗೆ ಕರೆದೊಯ್ದು ಓದಿಸಿದ ದಿನಗಳಲ್ಲಿ, ತರಗತಿಯಲ್ಲಿ ಬಾಯಿ ಬಿಡದವರೂ ಪ್ರಶ್ನೆ ಕೇಳಿದುದನ್ನು ನಾವು ಕಂಡಿದ್ದೇವೆ. ಹಗಲಿನ ಬೆಳಕಿನಲ್ಲಿ ಹೊರಗೆ ಹೆಚ್ಚು ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷವು ಕಡಿಮೆಯೆಂದು ಇಂದಿನ ವೈದ್ಯರೂ ಹೇಳುತ್ತಾರೆ. ತಾಯಿತಂದೆಗಳು ರಜೆಯ ಒಂದು ಸಂಜೆಯಾದರೂ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಹೊಳೆಯ ದಡಕ್ಕೆ ಕರೆದೊಯ್ಯಲಿ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಇನ್ನೊಂದು ಪ್ರಾರ್ಥನೆ. ನೀವು ಮನೆಮಾಡಿದ ಊರಿನಲ್ಲಿ ಅಕ್ಷರದ ಕಲ್ಲಿದ್ದರೆ, ಅದು ಬಟ್ಟೆ ಒಗೆಯುವ ಕಲ್ಲಾಗದಂತೆ, ಚರಂಡಿಯ ಹಾಸಾಗದಂತೆ, ಸುಣ್ಣ ಬಣ್ಣಗಳಲ್ಲಿ ಮುಚ್ಚಿಹೋಗದಂತೆ ಕಾಯಿರಿ. ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಕಾಗದದ ಪುಸ್ತಕವು ಹರಿದರೆ ಮತ್ತೊಂದು ಪ್ರತಿ ದೊರೆತೀತು. ಆ ಕಲ್ಲಿಗೆ ಎರಡನೆಯ ಪ್ರತಿಯಿಲ್ಲ.