ಟ್ರಾನ್ಸಿಸ್ಟರ್ ಮತ್ತು ವಿಲಿಯಂ ಶಾಕ್ಲಿ

ವಿಲಿಯಂ ಶಾಕ್ಲಿ ಅವರು 1910ರ ಫೆಬ್ರವರಿ 13ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆತಾಯಿ ಅಮೆರಿಕದವರು, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. 1936ರಲ್ಲಿ ಪಿಎಚ್.ಡಿ. ಮುಗಿಸಿ ಬೆಲ್ ಪ್ರಯೋಗಾಲಯ ಸೇರಿದರು.

1947ರ ಡಿಸೆಂಬರಿನಲ್ಲಿ ಅವರ ತಂಡದ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಮುಖ್ಯಸ್ಥರಾಗಿದ್ದರೂ ಆ ಪೇಟೆಂಟಿನಲ್ಲಿ ಶಾಕ್ಲಿಯವರ ಹೆಸರಿರಲಿಲ್ಲ. ಅವರಿಗೆ ಬಹಳ ನೋವಾಯಿತು, ಆದರೆ ಸುಮ್ಮನೆ ಕೂರಲಿಲ್ಲ. ಮರುತಿಂಗಳೇ ಜಂಕ್ಷನ್ ಟ್ರಾನ್ಸಿಸ್ಟರನ್ನು ಕಾಗದದ ಮೇಲೆ ರೂಪಿಸಿದರು. ಇಂದು ಬೈಪೋಲಾರ್ ಟ್ರಾನ್ಸಿಸ್ಟರ್ ಎಂದರೆ ಇದೇ.

ಮೊದಲನೆಯದರಲ್ಲಿ ಚಿನ್ನದ ಎರಡು ತುದಿಗಳನ್ನು ಜರ್ಮೇನಿಯಂ ತುಂಡಿಗೆ ಒತ್ತಿ ಹಿಡಿಯಬೇಕಿತ್ತು. ಅದನ್ನು ನಂಬುವುದು ಕಷ್ಟ. ಶಾಕ್ಲಿಯವರದು ಲೆಕ್ಕಕ್ಕೆ ಸಿಗುವಂಥದ್ದು. ಆ ಲೆಕ್ಕವನ್ನು ನಾನು ಸೈನ್ಸ್ ವಿಭಾಗದ ಗೆಳೆಯರಿಂದ ಕೇಳಿ ತಿಳಿದೆ. ಆಂಪ್ಲಿಫೈಯರಿಗೆ ಧ್ವನಿ ಕೊಡುವ ಮೊದಲೇ ಟ್ರಾನ್ಸಿಸ್ಟರಿನಲ್ಲಿ ಒಂದಿಷ್ಟು ಕರೆಂಟ್ ಸ್ಥಿರವಾಗಿ ಹರಿಯುತ್ತಿರಬೇಕು. ಆ ಸ್ಥಿತಿಯೇ ಆಪರೇಟಿಂಗ್ ಪಾಯಿಂಟ್. ಬ್ಯಾಟರಿ 9 ವೋಲ್ಟ್, ಕಲೆಕ್ಟರಿನ ರೆಸಿಸ್ಟರ್ 4,500 ಓಮ್ ಎಂದುಕೊಳ್ಳಿ. 1 ಮಿಲಿಆಂಪಿಯರ್ ಹರಿದರೆ ರೆಸಿಸ್ಟರಿನಲ್ಲಿ 4.5 ವೋಲ್ಟ್ ಖರ್ಚು, ಕಲೆಕ್ಟರಿನಲ್ಲಿ 4.5 ಬಾಕಿ. ಅಕೌಂಟೆನ್ಸಿ ಓದುವ ನನಗೂ ಇದು ಸಲೀಸು! ಹೀಗೆ ಮಧ್ಯದಲ್ಲಿ ನಿಂತರೆ ಧ್ವನಿಯ ಅಲೆಗೆ ಮೇಲೂ ಕೆಳಗೂ ಆಡಲು ಜಾಗವಿರುತ್ತದೆ. 8 ವೋಲ್ಟಿನಲ್ಲಿ ನಿಂತರೆ ದೊಡ್ಡ ಅಲೆಯ ಒಂದು ಬದಿ ಕತ್ತರಿಸಿ ಹೋಗಿ ಹಾಡು ಒಡೆದಂತೆ ಕೇಳುತ್ತದೆ. ಬಿಸಿಯಾದಾಗ ಕರೆಂಟ್ ತಾನಾಗಿ ಏರುವುದರಿಂದ, ಅದನ್ನು ಹಿಡಿದಿಡಲು ಎಮಿಟರಿಗೂ ಒಂದು ಸಣ್ಣ ರೆಸಿಸ್ಟರ್ ಹಾಕುತ್ತಾರೆ.

1956ರಲ್ಲಿ ಮೂವರಿಗೂ ನೊಬೆಲ್ ಬಂತು. ಅಷ್ಟರಲ್ಲಿ ಶಾಕ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಸ್ವಂತ ಪ್ರಯೋಗಾಲಯ ತೆರೆದಿದ್ದರು. ಬಂಡವಾಳ ಅರ್ನಾಲ್ಡ್ ಬೆಕ್‌ಮನ್ ಅವರದು. ಬುದ್ಧಿವಂತರನ್ನೇ ಆರಿಸಿ ತಂದರು, ಆದರೆ ಅವರನ್ನು ನಂಬಲಿಲ್ಲ. 1957ರಲ್ಲಿ ಎಂಟು ಮಂದಿ ಒಟ್ಟಿಗೆ ಬಿಟ್ಟು ಹೋಗಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಶುರು ಮಾಡಿದರು. ಅವರಲ್ಲಿ ನಾಯ್ಸ್ ಮತ್ತು ಮೂರ್ 1968ರಲ್ಲಿ ಇಂಟೆಲ್ ಕಟ್ಟಿದರು. ಶಾಕ್ಲಿಯವರ ಕಂಪನಿ 1960ರಲ್ಲೇ ಮಾರಾಟವಾಗಿತ್ತು. ಬಂಡವಾಳ, ಹೆಸರು, ಜಾಣರು ಎಲ್ಲ ಇದ್ದೂ ಒಂದು ವ್ಯವಹಾರ ಮುಳುಗಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಆಮೇಲೆ ಅವರು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಕಪ್ಪು ಜನರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಿಮೆ ಎಂದು ವರ್ಷಗಟ್ಟಲೆ ಭಾಷಣ ಮಾಡಿದರು. ಅದು ಅವರು ಓದಿದ ವಿಷಯವೂ ಅಲ್ಲ. ಮಹನೀಯರ ಪರಿಚಯ ಬರೆಯುವಾಗ ಇಂಥದ್ದನ್ನು ಬಿಡುವುದು ರೂಢಿ. ನನಗೆ ಬಿಡಲು ಮನಸ್ಸಾಗಲಿಲ್ಲ. ಹುಟ್ಟು ನೋಡಿ ಅಳೆಯುವವರ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂದು ನಿಂತವರಿಗೆ ಗೊತ್ತು.

ಬಾರ್ಡೀನ್ 1972ರಲ್ಲಿ ಎರಡನೇ ಬಾರಿ ನೊಬೆಲ್ ಪಡೆದರು. ಶಾಕ್ಲಿ 1989ರ ಆಗಸ್ಟ್ 12ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯವರೆಗೂ ಜೊತೆಗಿದ್ದವರು ಪತ್ನಿ ಎಮ್ಮಿ.